ಮನೆಮಂದಿಯೆಲ್ಲ ಸೇರಿ ಕಟ್ಟುವ ಉಗಿಯುಗದ ಮಾದರಿ ರೈಲು: ಯಾವುದನ್ನು ಆರಿಸಬೇಕು, ಯಾವುದನ್ನು ಮುಂದಕ್ಕೆ ಬಿಡಬಹುದು

ಮಾದರಿ ರೈಲಿನ ಕೆಲಸಕ್ಕೆ ಕೈಹಾಕುವ ಹೆಚ್ಚಿನ ಕುಟುಂಬಗಳು ಮೊದಲು ಎಂಜಿನ್ ಕೊಳ್ಳುತ್ತವೆ, ಆಮೇಲೆ ಅದು ಓಡುವುದಕ್ಕೆ ಜಾಗ ಹುಡುಕುತ್ತವೆ. ಉಗಿ ಎಂಜಿನ್‌ನ ವಿಷಯದಲ್ಲಿ ಈ ಕ್ರಮ ವಿಶೇಷವಾಗಿ ತೊಂದರೆ ಕೊಡುತ್ತದೆ. ಡೀಸೆಲ್ ಎಂಜಿನ್ನಿನ ಗಾಲಿಗಳು ಎರಡು ತಿರುಗುವ ಚೌಕಟ್ಟುಗಳ ಮೇಲೆ ಕುಳಿತಿರುವುದರಿಂದ ಅದು ಬಿಗಿಯಾದ ತಿರುವಿನಲ್ಲೂ ಬಾಗಿಕೊಂಡು ಹೋಗಬಲ್ಲದು. ಉಗಿ ಎಂಜಿನ್ನಿನ ದೊಡ್ಡ ಗಾಲಿಗಳಾದರೋ ಒಂದೇ ಗಟ್ಟಿ ಚೌಕಟ್ಟಿನಲ್ಲಿ ಸಾಲಾಗಿ ನಿಂತು, ಹೊರಗಿನ ಸಲಾಕೆಗಳಿಂದ ಒಂದಕ್ಕೊಂದು ಬಿಗಿದುಕೊಂಡಿರುತ್ತವೆ. ಆ ಸಾಲು ಎಷ್ಟು ಉದ್ದವೋ ತಿರುವು ಅಷ್ಟು ಅಗಲವಾಗಿರಬೇಕು, ತಿರುವು ಎಷ್ಟು ಅಗಲವೋ ಮೇಜು ಅಷ್ಟು ದೊಡ್ಡದಾಗಿರಬೇಕು.

ಆದ್ದರಿಂದ ಇಲ್ಲಿ ಆಯ್ಕೆಗಳನ್ನು ಹೋಲಿಸುವಾಗ ಒಂದೇ ಪ್ರಶ್ನೆಯನ್ನು ಮುಂದಿಟ್ಟುಕೊಂಡಿದ್ದೇನೆ. ಎರಡು ವರ್ಷ ಕಳೆದ ಮೇಲೆ ಈ ತೀರ್ಮಾನವನ್ನು ಬದಲಿಸಬೇಕು ಎನ್ನಿಸಿದರೆ ಎಷ್ಟನ್ನು ಕಿತ್ತುಹಾಕಬೇಕಾಗುತ್ತದೆ? ಅಳತೆಯನ್ನು ಬದಲಿಸಿದರೆ ಹಳಿ, ಎಂಜಿನ್, ಬೋಗಿ, ಕಟ್ಟಡಗಳೆಲ್ಲ ಹೋಗುತ್ತವೆ. ಕಾಲಘಟ್ಟವನ್ನು ಬದಲಿಸಿದರೆ ಗಾಡಿಗಳಲ್ಲಿ ಅರ್ಧ ಹೋಗುತ್ತವೆ, ಹಳಿ ಉಳಿಯುತ್ತದೆ. ನಿಯಂತ್ರಣದ ವಿಧಾನವನ್ನು ಬದಲಿಸುವುದು ಒಂದು ಪೆಟ್ಟಿಗೆಯ ಮತ್ತು ಕೆಲವು ಚಿಕ್ಕ ಬಿಡಿಭಾಗಗಳ ಮಾತು. ಗುಡ್ಡ, ಗಿಡಮರಗಳನ್ನು ಬದಲಿಸುವುದಂತೂ ರಜಾದಿನದ ಒಂದು ಮಧ್ಯಾಹ್ನದ ಕೆಲಸ, ಮಕ್ಕಳು ಅದನ್ನು ಸಂತೋಷದಿಂದಲೇ ಮಾಡುತ್ತಾರೆ. ಯೋಚನೆಗೆ ಕೊಡುವ ಸಮಯವನ್ನೂ ಇದೇ ಪ್ರಮಾಣದಲ್ಲಿ ಹಂಚಬೇಕು.

ಅಳತೆ: ಒಮ್ಮೆ ಆರಿಸಿದರೆ ಆರಿಸಿದಂತೆಯೇ

ಅಳತೆ ಮತ್ತು ಗೇಜ್ ಎರಡೂ ಬೇರೆ ಬೇರೆ ಎಂಬುದನ್ನು ಮೊದಲೇ ತಿಳಿದುಕೊಂಡರೆ ಮುಂದಿನ ಅನೇಕ ಗೊಂದಲಗಳು ತಪ್ಪುತ್ತವೆ. ನಿಜವಾದ ರೈಲಿಗಿಂತ ಮಾದರಿಯು ಎಷ್ಟು ಪಟ್ಟು ಚಿಕ್ಕದು ಎನ್ನುವುದು ಅಳತೆ; ಎರಡು ಹಳಿಗಳ ನಡುವಿನ ಅಂತರ ಗೇಜ್.

ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವುದು ಎಚ್‌ಓ. ಅದರ ಅಳತೆ 1:87, ಗೇಜ್ 16.5 ಮಿ.ಮೀ. ಹಳೆಯ ಓ ಅಳತೆಯಾದ 1:43.5ರ ಅರ್ಧ ಎಂಬ ಅರ್ಥದಲ್ಲಿಯೇ ಅದಕ್ಕೆ ಈ ಹೆಸರು ಬಂದಿದೆ. ಬ್ರಿಟನ್ನಿನಲ್ಲಿ ಮಾತ್ರ ಅದೇ 16.5 ಮಿ.ಮೀ. ಹಳಿಯ ಮೇಲೆ 1:76ರ ಓಓ ಗಾಡಿಗಳು ಓಡುತ್ತವೆ. ಅಲ್ಲಿನ ನಿಜವಾದ ಎಂಜಿನ್‌ಗಳು ಗಾತ್ರದಲ್ಲಿ ಚಿಕ್ಕವಾಗಿದ್ದುದರಿಂದ ಅಂದಿನ ಮೋಟಾರುಗಳು 1:87ರ ಒಡಲಿನೊಳಗೆ ಹಿಡಿಯಲಿಲ್ಲ, ಹೀಗಾಗಿ ಒಡಲನ್ನು ದೊಡ್ಡದು ಮಾಡಿ ಹಳಿಯನ್ನು ಹಾಗೆಯೇ ಉಳಿಸಿಕೊಂಡರು. 1435 ಮಿ.ಮೀ. ಅಗಲದ ನಿಜವಾದ ಹಳಿ 1:76ರಲ್ಲಿ ಸುಮಾರು 18.8 ಮಿ.ಮೀ. ಆಗಬೇಕಿತ್ತು, ಓಓ ಎಂಜಿನ್‌ಗಳನ್ನು ಎದುರಿನಿಂದ ನೋಡಿದಾಗ ಕಾಲುಗಳನ್ನು ಒತ್ತಾಗಿ ಇಟ್ಟುಕೊಂಡು ನಿಂತಂತೆ ಕಾಣುವುದಕ್ಕೆ ಇದೇ ಕಾರಣ. ಎರಡೂ ಒಂದೇ ಹಳಿಯಲ್ಲಿ ಓಡುತ್ತವೆ ಎಂದು ಬೆರೆಸಿ ಕೊಂಡರೆ ಅಕ್ಕಪಕ್ಕದಲ್ಲಿ ನಿಲ್ಲಿಸಿದಾಗ ಗಾತ್ರದ ವ್ಯತ್ಯಾಸ ಎದ್ದು ಕಾಣುತ್ತದೆ.

ಎನ್ ಅಳತೆ 1:160, ಗೇಜ್ 9 ಮಿ.ಮೀ. ಬ್ರಿಟನ್ನಿನಲ್ಲಿ ಅದು 1:148 ಆಗುತ್ತದೆ. ಎಚ್‌ಓ ಬೇಡುವ ಜಾಗದಲ್ಲಿ ಮೂರನೆಯ ಒಂದು ಪಾಲಿದ್ದರೂ ಎನ್‌ಗೆ ಸಾಕಾಗುತ್ತದೆ. ಕಾಗದದ ಮೇಲೆ ಈ ಲೆಕ್ಕ ಬಹಳ ಆಕರ್ಷಕವಾಗಿ ಕಾಣುತ್ತದೆ ಮತ್ತು ಡೀಸೆಲ್ ಯುಗದ ಉದ್ದುದ್ದ ಗೂಡ್ಸ್ ಗಾಡಿಗಳಿಗೆ ಎನ್ ಅಳತೆ ನಿಜಕ್ಕೂ ಹೇಳಿಮಾಡಿಸಿದಂತಿದೆ. ಉಗಿ ಎಂಜಿನ್ನಿನ ಮಾತು ಬೇರೆ. ಅದರ ಹೊರಗಿನ ಸಲಾಕೆಗಳು ಈ ಅಳತೆಯಲ್ಲಿ ಗುಂಡುಸೂಜಿಯಷ್ಟು ತೆಳುವಾಗಿರುತ್ತವೆ, ಎಂಜಿನ್ ಹಗುರವಾಗಿರುವುದರಿಂದ ಹಳಿಯ ಮೇಲಿನ ಒಂದು ಚುಕ್ಕೆ ಧೂಳಿಗೂ ವಿದ್ಯುತ್ ಸಂಪರ್ಕ ತಪ್ಪಿ ನಿಂತುಬಿಡುತ್ತದೆ. ಆರು ವರ್ಷದ ಮಗುವಿನ ಬೆರಳಿಗೂ ಎಪ್ಪತ್ತು ವರ್ಷದ ಅಜ್ಜನ ಕಣ್ಣಿಗೂ ಅದನ್ನು ಮತ್ತೆ ಹಳಿಗೆ ಕೂರಿಸುವುದು ಕಷ್ಟ. ಎಲ್ಲರೂ ಸೇರಿ ಕಟ್ಟುವ ರೈಲಿನಲ್ಲಿ ಹಳಿ ತಪ್ಪಿದ ಬೋಗಿಯನ್ನು ಎತ್ತಿಡಲು ಪ್ರತಿ ಸಲವೂ ಒಬ್ಬರನ್ನೇ ಕರೆಯಬೇಕಾದರೆ ಉಳಿದವರು ಬೇಗನೆ ಪ್ರೇಕ್ಷಕರಾಗಿಬಿಡುತ್ತಾರೆ.

ಓ ಅಳತೆಯ ಗೇಜ್ 32 ಮಿ.ಮೀ. ಅಮೆರಿಕದಲ್ಲಿ 1:48, ಬ್ರಿಟನ್ನಿನಲ್ಲಿ 1:43.5, ಯುರೋಪಿನ ಉಳಿದೆಡೆ ಸಾಮಾನ್ಯವಾಗಿ 1:45. ಇದಕ್ಕೆ ದೊಡ್ಡ ಕೋಣೆಯೇ ಬೇಕು ಎಂದು ಬಹಳ ಮಂದಿ ಮೊದಲೇ ಕೈಬಿಡುತ್ತಾರೆ, ಆದರೆ ಇಲ್ಲಿ ಗಮನಿಸಬೇಕಾದ ಒಂದು ಲೆಕ್ಕವಿದೆ. ಅಮೆರಿಕದ ಲಯನೆಲ್ ಕಂಪನಿಯ ಮಾದರಿಯ ಮೂರು ಹಳಿಯ ಓ ರೈಲುಗಳಲ್ಲಿ 36 ಇಂಚು ವ್ಯಾಸದ, ಅಂದರೆ ಸುಮಾರು 91 ಸೆಂ.ಮೀ. ಅಡ್ಡಳತೆಯ ವೃತ್ತ ಸಾಮಾನ್ಯ. ಎಚ್‌ಓದ ಆರಂಭಿಕ ಸೆಟ್ಟುಗಳಲ್ಲಿ ಬರುವ 18 ಇಂಚು ತ್ರಿಜ್ಯದ ತಿರುವೂ ಅಷ್ಟೇ ವ್ಯಾಸದ್ದು. ಓ ಅಳತೆಯಲ್ಲಿ ವ್ಯಾಸವನ್ನೂ ಎಚ್‌ಓದಲ್ಲಿ ತ್ರಿಜ್ಯವನ್ನೂ ಹೇಳುವ ರೂಢಿಯಿರುವುದರಿಂದ ಈ ಸಮಾನತೆ ಕಣ್ಣಿಗೆ ಬೀಳುವುದಿಲ್ಲ. ಬೋಗಿಗಳನ್ನು ನಿಜಕ್ಕಿಂತ ಗಿಡ್ಡವಾಗಿ ಮಾಡಿ ಈ ಅನುಕೂಲವನ್ನು ಪಡೆದಿದ್ದಾರೆ, ನಡುವಿನ ಮೂರನೆಯ ಹಳಿಯೂ ನಿಜದ ಸಾಲುಗಳಲ್ಲಿ ಇರುವಂಥದ್ದಲ್ಲ. ಆದರೆ ಗಾಡಿಗಳಿಗೆ ತೂಕವಿದೆ, ಚಿಕ್ಕ ಮಕ್ಕಳ ಕೈಗೆ ಹಿಡಿತ ಸಿಗುತ್ತದೆ, ಬಿದ್ದರೂ ಸುಲಭಕ್ಕೆ ಮುರಿಯುವುದಿಲ್ಲ. ಮನೆಯ ಕಿರಿಯ ಮಗು ಶಾಲೆಗೆ ಸೇರುವ ವಯಸ್ಸಿನದಾಗಿದ್ದರೆ ನಾನು ಹಿಂಜರಿಯದೆ ಇದನ್ನೇ ಸೂಚಿಸುತ್ತೇನೆ.

ಅಂಗಳವಿರುವವರಿಗೆ 45 ಮಿ.ಮೀ. ಗೇಜಿನ ಜಿ ಅಳತೆಯಿದೆ. ಜರ್ಮನಿಯ ಎಲ್‌ಜಿಬಿ 1968ರಲ್ಲಿ ಮೀಟರ್ ಗೇಜಿನ ರೈಲುಗಳನ್ನು 1:22.5ರಲ್ಲಿ ತಂದಾಗಿನಿಂದ ಅದು ತೋಟದ ರೈಲು ಎಂದೇ ಹೆಸರಾಗಿದೆ. ಅದರ ಅತಿ ಬಿಗಿಯಾದ ತಿರುವಿನ ತ್ರಿಜ್ಯ 60 ಸೆಂ.ಮೀ. ಆಗಿದ್ದರೂ ಗಾಡಿಗಳು ಚೆನ್ನಾಗಿ ಕಾಣಬೇಕಾದರೆ ಅದಕ್ಕೆ ಎರಡು ಪಟ್ಟು ಬೇಕು. ಇನ್ನು ಜರ್ಮನಿಯ ಮಾರ್ಕ್ಲಿನ್ ಕಂಪನಿ 1972ರಲ್ಲಿ ತಂದ 1:220ರ ಜೆಡ್ ಅಳತೆ ಕುಸುರಿ ಕೆಲಸದ ಅದ್ಭುತವೇ ಹೌದು, ಮಕ್ಕಳಿರುವ ಮನೆಯ ಮೊದಲ ರೈಲಾಗಿ ಅದನ್ನು ಯೋಚಿಸುವುದೂ ಬೇಡ.

ಇವುಗಳ ನಡುವೆ ಹೆಚ್ಚು ಜನರ ಗಮನಕ್ಕೆ ಬಾರದ ದಾರಿಯೊಂದಿದೆ. 1:48ರ ಅಳತೆಯ ಗಾಡಿಗಳನ್ನು ಎಚ್‌ಓದ 16.5 ಮಿ.ಮೀ. ಹಳಿಯ ಮೇಲೆ ಓಡಿಸಿದರೆ ಅದು ಸುಮಾರು 30 ಇಂಚು ಅಗಲದ ಕಿರಿಗೇಜ್ ರೈಲಿನ ಮಾದರಿಯಾಗುತ್ತದೆ, ಇದನ್ನು ಓಎನ್30 ಎನ್ನುತ್ತಾರೆ. ಕಾಡು, ಗಣಿ, ಬೆಟ್ಟದ ಸಾಲುಗಳಲ್ಲಿ ಓಡುತ್ತಿದ್ದ ಪುಟ್ಟ ಉಗಿ ಎಂಜಿನ್‌ಗಳು ಇದರಲ್ಲಿ ಕೈತುಂಬ ಸಿಗುವ ಗಾತ್ರದಲ್ಲಿರುತ್ತವೆ, ತಿರುವುಗಳು ಎಚ್‌ಓದಷ್ಟೇ ಬಿಗಿಯಾಗಿರಬಹುದು, ಹಳಿಯನ್ನೂ, ರೈಲನ್ನು ಒಂದು ಸಾಲಿನಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟುಗಳನ್ನೂ ಎಚ್‌ಓದಿಂದಲೇ ತೆಗೆದುಕೊಳ್ಳಬಹುದು. ಸಿದ್ಧ ಗಾಡಿಗಳ ಆಯ್ಕೆ ಕಡಿಮೆ ಎನ್ನುವುದೊಂದೇ ಕೊರತೆ. ಕೈಯಾರೆ ಕಟ್ಟುವುದರಲ್ಲಿ ಆಸಕ್ತಿಯುಳ್ಳವರು ಮನೆಯಲ್ಲಿದ್ದರೆ ಆ ಕೊರತೆಯೇ ಕೆಲಸಕ್ಕೆ ಪ್ರೇರಣೆಯಾದೀತು.

ಕಾಲಘಟ್ಟ: ಉಗಿಯುಗ ಒಂದೇ ಯುಗವಲ್ಲ

ಲಿವರ್‌ಪೂಲ್ ಮತ್ತು ಮ್ಯಾಂಚೆಸ್ಟರ್ ನಡುವೆ ರೈಲು ಆರಂಭವಾದದ್ದು 1830ರಲ್ಲಿ; ಬ್ರಿಟನ್ನಿನ ಮುಖ್ಯ ಸಾಲುಗಳಲ್ಲಿ ಉಗಿ ಎಂಜಿನ್‌ಗಳು ಕೊನೆಯ ಬಾರಿಗೆ ಓಡಿದ್ದು 1968ರ ಆಗಸ್ಟ್‌ನಲ್ಲಿ. ಈ 138 ವರ್ಷಗಳಲ್ಲಿ ಎಂಜಿನ್ ಬದಲಾದಷ್ಟೇ ಬೋಗಿಗಳ ಉದ್ದ, ಅವುಗಳನ್ನು ಜೋಡಿಸುವ ಕೊಂಡಿ, ನಿಲ್ದಾಣದ ರೂಪ ಎಲ್ಲವೂ ಬದಲಾದವು. ಮಾದರಿ ಕಟ್ಟುವವರಿಗೆ ಇದನ್ನು ಮೂರು ಭಾಗ ಮಾಡಿ ನೋಡುವುದು ಅನುಕೂಲ.

19ನೆಯ ಶತಮಾನದ ಉತ್ತರಾರ್ಧ ಅತ್ಯಂತ ವರ್ಣಮಯವಾದ ಕಾಲ. ಹಿತ್ತಾಳೆಯ ಪಟ್ಟಿ, ಕೆಂಪು ಗಾಲಿ, ಅಗಲ ಬಾಯಿಯ ಹೊಗೆಗೊಳವೆ ಇವೆಲ್ಲ ಆಗಿನವು. ಅಮೆರಿಕದ 4-4-0 ಎಂಜಿನ್, ಅಂದರೆ ಮುಂದೆ ನಾಲ್ಕು ಚಿಕ್ಕ ಗಾಲಿ, ಆಮೇಲೆ ನಾಲ್ಕು ದೊಡ್ಡ ಗಾಲಿ, ಹಿಂದೆ ಗಾಲಿಯಿಲ್ಲದ್ದು, ಆ ಕಾಲದ ಗುರುತು. ಬೋಗಿಗಳು ಗಿಡ್ಡವಾಗಿರುವುದರಿಂದ ಚಿಕ್ಕ ಮೇಜಿಗೆ ಚೆನ್ನಾಗಿ ಒಪ್ಪುತ್ತವೆ. ಆದರೆ ಇವುಗಳ ಎಚ್‌ಓ ಮಾದರಿಗಳು ನಾಜೂಕು. ಬಾಯ್ಲರ್ ಸಣ್ಣದಾಗಿರುವುದರಿಂದ ಕೆಲವದರಲ್ಲಿ ಮೋಟಾರು ಟೆಂಡರಿನೊಳಗೆ, ಅಂದರೆ ಎಂಜಿನ್ನಿನ ಹಿಂದೆ ನೀರು, ಇಂಧನ ಹೊರುವ ಗಾಡಿಯೊಳಗೆ ಕುಳಿತಿರುತ್ತದೆ, ಎಳೆಯುವ ಶಕ್ತಿಯೂ ಕಡಿಮೆ.

ಮತ್ತೊಂದು ತುದಿಯಲ್ಲಿ 1940-50ರ ದಶಕಗಳಿವೆ. ಆಗ ಉಗಿ ಮತ್ತು ಡೀಸೆಲ್ ಒಂದೇ ನಿಲ್ದಾಣದಲ್ಲಿ ನಿಲ್ಲುತ್ತಿದ್ದವು, ಹೀಗಾಗಿ ಎರಡನ್ನೂ ಇಷ್ಟಪಡುವ ಮನೆಗಳಿಗೆ ಇದು ಒಪ್ಪುತ್ತದೆ, ಮಾರುಕಟ್ಟೆಯಲ್ಲಿ ಆಯ್ಕೆಯೂ ಹೆಚ್ಚು. ಉಗಿ ಎಂಜಿನ್‌ಗಳು ತಮ್ಮ ಗಾತ್ರದ ತುದಿ ಮುಟ್ಟಿದ್ದೂ ಆಗಲೇ. 1941ರಿಂದ 25ರ ಸಂಖ್ಯೆಯಲ್ಲಿ ತಯಾರಾದ, ಅಮೆರಿಕದ ರೈಲು ಕಂಪನಿ ಯೂನಿಯನ್ ಪೆಸಿಫಿಕ್‌ನ ‘ಬಿಗ್ ಬಾಯ್’ ಟೆಂಡರ್ ಸೇರಿ 40 ಮೀಟರ್ ಉದ್ದವಿತ್ತು. ಎಚ್‌ಓದಲ್ಲಿ ಅದು 46 ಸೆಂ.ಮೀ. ಆಗುತ್ತದೆ. 120 ಸೆಂ.ಮೀ. ಅಗಲದ ಮೇಜಿನ ಮೇಲೆ ಅಂಥ ಎಂಜಿನ್ ತಿರುಗುವಾಗ ಮೂಗು ಒಂದು ಕಡೆ, ಗಾಲಿ ಒಂದು ಕಡೆ ಇರುತ್ತದೆ. ಆ ಕಾಲದ 80 ಅಡಿಯ ಪ್ರಯಾಣಿಕ ಬೋಗಿ ಎಚ್‌ಓದಲ್ಲಿ 28 ಸೆಂ.ಮೀ. ಆಗುತ್ತದೆ; ನಾಲ್ಕು ಬೋಗಿ ಸೇರಿಸಿದರೆ ಒಂದು ಮೀಟರ್ ದಾಟಿ, ರೈಲಿನ ಮುಖ ಅದರ ಬಾಲವನ್ನೇ ಅಟ್ಟಿಸಿಕೊಂಡು ಹೋಗುವಂತೆ ಕಾಣುತ್ತದೆ.

ಇವೆರಡರ ನಡುವಿನ ಕಾಲವನ್ನು, ಅಂದರೆ ಸುಮಾರು 1900ರಿಂದ 1930ರವರೆಗಿನ ಒಂದು ಕವಲು ಮಾರ್ಗವನ್ನು ಆರಿಸಿಕೊಳ್ಳುವುದು ಕುಟುಂಬಕ್ಕೆ ಅತ್ಯುತ್ತಮ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮುಖ್ಯ ಸಾಲಿನಿಂದ ಒಡೆದು ಯಾವುದೋ ಸಣ್ಣ ಊರಿಗೆ ಹೋಗಿ ನಿಲ್ಲುವ ಇಂಥ ಮಾರ್ಗಗಳಲ್ಲಿ 0-6-0 ಅಥವಾ 2-6-0ರಂಥ ಚಿಕ್ಕ ಎಂಜಿನ್‌ಗಳು ನಾಲ್ಕೈದು ಗೂಡ್ಸ್ ಡಬ್ಬಿಗಳ ಹಿಂದೆ ಒಂದೇ ಪ್ರಯಾಣಿಕ ಬೋಗಿಯನ್ನು ಸೇರಿಸಿಕೊಂಡು ಓಡುತ್ತಿದ್ದವು. ಇಂಥ ರೈಲು ಮಾದರಿಯಲ್ಲಿಯೂ ಪೂರ್ಣವಾದ ರೈಲೇ, ಯಾವುದನ್ನೂ ಮೊಟಕುಮಾಡಬೇಕಾಗಿಲ್ಲ. ಆ ಸಣ್ಣ ನಿಲ್ದಾಣದಲ್ಲಿ ನೀರಿನ ತೊಟ್ಟಿ, ಕಲ್ಲಿದ್ದಲಿನ ಕಟ್ಟೆ, ಬೂದಿ ಸುರಿಯುವ ಗುಂಡಿ, ಸರಕಿನ ಕೊಠಡಿ, ದನಗಳನ್ನು ಹತ್ತಿಸುವ ಆವರಣ ಎಲ್ಲವೂ ಇರುತ್ತಿದ್ದವು. ಒಂದು ಸುತ್ತು ಬಂದ ಎಂಜಿನ್ ನೀರಿಗಾಗಿ ನಿಲ್ಲಬೇಕು, ಕಲ್ಲಿದ್ದಲು ತುಂಬಿಕೊಳ್ಳಬೇಕು, ಒಂದು ಡಬ್ಬಿಯನ್ನು ಸರಕಿನ ಕೊಠಡಿಯ ಮುಂದೆ ಬಿಟ್ಟು ಇನ್ನೊಂದನ್ನು ಎತ್ತಿಕೊಳ್ಳಬೇಕು. ಹೀಗೆ ನಾಲ್ಕು ಜನರಿಗೂ ಒಂದೊಂದು ಕೆಲಸ ಸಿಗುತ್ತದೆ. ಉಗಿಯುಗವನ್ನು ಮನೆಮಂದಿಗೆಲ್ಲ ಶಿಫಾರಸು ಮಾಡುವುದಕ್ಕೆ ನನಗಿರುವ ದೊಡ್ಡ ಕಾರಣ ಇದೇ.

ಮೇಜೋ, ಗೋಡೆಯ ಹಲಗೆಯೋ

ಎಚ್‌ಓ ಲೋಕದಲ್ಲಿ 4 ಅಡಿ ಅಗಲ, 8 ಅಡಿ ಉದ್ದದ ಒಂದು ಪ್ಲೈವುಡ್ ಹಾಳೆಯಿಂದ ಆರಂಭಿಸುವುದು ಹಳೆಯ ಸಂಪ್ರದಾಯ. 18 ಮತ್ತು 22 ಇಂಚು ತ್ರಿಜ್ಯದ ಎರಡು ಸುತ್ತುಗಳು ಅದರಲ್ಲಿ ಹಿಡಿಯುತ್ತವೆ, ರೈಲು ನಿಲ್ಲದೆ ಓಡುತ್ತಿರುತ್ತದೆ, ಚಿಕ್ಕ ಮಕ್ಕಳಿಗೆ ಬೇಕಾದದ್ದು ಅದೇ. ಆದರೆ ಹಾಳೆಯ ಅಳತೆಯೇ ಕೋಣೆಯ ಅಳತೆ ಎಂದು ಭಾವಿಸಬಾರದು. ಮೂರು ಬದಿಯಲ್ಲಾದರೂ 2 ಅಡಿ ಓಡಾಡುವ ಜಾಗ ಬೇಕಾಗುವುದರಿಂದ ಅದು ನಿಜವಾಗಿ 8 ಅಡಿಗೆ 10 ಅಡಿಯ ನೆಲವನ್ನು ತಿನ್ನುತ್ತದೆ. ನಾವು ಮೊದಲ ಮೇಜನ್ನು ಗೋಡೆಯ ಮೂಲೆಗೆ ಒತ್ತಿ ಇಟ್ಟಿದ್ದೆವು. ಹಳಿ ತಪ್ಪುವುದು ಯಾವಾಗಲೂ ಗೋಡೆಯ ಕಡೆಯ ತಿರುವಿನಲ್ಲೇ, ಅಲ್ಲಿಗೆ ಯಾರ ಕೈಯೂ ಎಟುಕುತ್ತಿರಲಿಲ್ಲ. ಕೊನೆಗೆ ಮಗಳು ಮೇಜಿನ ಕೆಳಗೆ ತೆವಳಿ ಹೋಗಿ ಆಚೆ ಬದಿಯಿಂದ ಕೈ ಮೇಲೆತ್ತುವುದು ದಿನಚರಿಯಾಯಿತು, ಒಮ್ಮೆ ಅವಳ ತೋಳು ತಗುಲಿ ನೀರಿನ ತೊಟ್ಟಿಯೂ ನೆಲಕ್ಕೆ ಬಿತ್ತು. ವಯಸ್ಕರ ಕೈ ಆರಾಮವಾಗಿ ಎಟುಕುವುದು 75 ಸೆಂ.ಮೀ. ತನಕ ಮಾತ್ರ, ಮಕ್ಕಳ ಕೈ ಅದಕ್ಕಿಂತ ಕಡಿಮೆ. ಒಂದೇ ಕಡೆಯಿಂದ ತಲುಪಬೇಕಾದ ಯಾವ ಭಾಗವೂ ಇದಕ್ಕಿಂತ ಅಗಲವಾಗಿರಬಾರದು.

ಗೋಡೆಯುದ್ದಕ್ಕೂ 30-45 ಸೆಂ.ಮೀ. ಅಗಲದ ಹಲಗೆಯ ಮೇಲೆ ಹಳಿ ಹಾಕುವುದು ಎರಡನೆಯ ದಾರಿ. ಕೋಣೆಯ ನಡುಭಾಗ ಖಾಲಿ ಉಳಿಯುತ್ತದೆ, ಎಲ್ಲವೂ ಕೈಗೆಟುಕುತ್ತದೆ, ಒಂದು ತುದಿಯ ನಿಲ್ದಾಣದಿಂದ ಇನ್ನೊಂದು ತುದಿಗೆ ಹೋಗುವ ನಿಜವಾದ ಪ್ರಯಾಣವೂ ಇರುತ್ತದೆ. ನಿಲ್ಲದೆ ಸುತ್ತುವ ಓಟ ಮಾತ್ರ ಇಲ್ಲ. ಹತ್ತು ವರ್ಷ ದಾಟಿದ ಮಕ್ಕಳಿಗೆ ಅದು ಕೊರತೆಯಾಗಿ ತೋರುವುದಿಲ್ಲ, ಏಕೆಂದರೆ ಆ ವಯಸ್ಸಿಗೆ ಸುತ್ತುವ ರೈಲಿಗಿಂತ ಶಂಟಿಂಗ್, ಅಂದರೆ ಡಬ್ಬಿಗಳನ್ನು ಸಾಲಿನಿಂದ ಸಾಲಿಗೆ ಸರಿಸಿ ಜೋಡಿಸುವ ಕೆಲಸ, ಹೆಚ್ಚು ಹಿಡಿಸುತ್ತದೆ. ಬ್ರಿಟನ್ನಿನ ಅಲನ್ ರೈಟ್ ರೂಪಿಸಿದ ‘ಇಂಗಲ್‌ನುಕ್ ಸೈಡಿಂಗ್ಸ್’ ಎಂಬ ಒಗಟಿಗೆ ಬೇಕಾದದ್ದು ಎರಡೇ ಪಾಯಿಂಟು, ಮೂರು ಸಾಲು, ಎಂಟು ಡಬ್ಬಿ. ಸಾಲುಗಳಲ್ಲಿ ಕ್ರಮವಾಗಿ ಐದು, ಮೂರು, ಮೂರು ಡಬ್ಬಿಗಳಿಗೆ ಸ್ಥಳವಿರುತ್ತದೆ. ಚೀಟಿ ಎತ್ತಿ ಬಂದ ಐದು ಡಬ್ಬಿಗಳನ್ನು ಬಂದ ಕ್ರಮದಲ್ಲಿಯೇ ಜೋಡಿಸಿ ನಿಲ್ಲಿಸಬೇಕು. ಹೀಗೆ ಬರಬಹುದಾದ ಕ್ರಮಗಳು 6,720. ಒಂದು ಪುಸ್ತಕದ ಕಪಾಟಿನ ಮೇಲೆ ಹಿಡಿಯುವ ಈ ರಚನೆ ನಮ್ಮ ಮನೆಯಲ್ಲಿ ದೊಡ್ಡ ಮೇಜಿಗಿಂತ ಹೆಚ್ಚು ಬಳಕೆಯಾಗಿದೆ. ಮೊದಲು ಇದನ್ನು ಕಟ್ಟಿ, ಆಮೇಲೆ ಇದನ್ನೇ ದೊಡ್ಡ ರಚನೆಯ ಒಂದು ಮೂಲೆಯಾಗಿ ಸೇರಿಸಿಕೊಳ್ಳಬಹುದು, ಹಾಗಾಗಿ ಹಾಳಾಗುವುದು ಏನೂ ಇಲ್ಲ.

ಉಗಿ ಎಂಜಿನ್ನಿಗೆ ಮುಖವಿದೆ, ಬೆನ್ನಿದೆ ಎಂಬುದನ್ನು ನಕ್ಷೆ ಬರೆಯುವಾಗಲೇ ನೆನಪಿಡಬೇಕು. ಟೆಂಡರ್ ಎಳೆಯುವ ಎಂಜಿನ್ ಕೊನೆಯ ನಿಲ್ದಾಣದಲ್ಲಿ ಮುಖ ತಿರುಗಿಸಿಕೊಳ್ಳಲು ಟರ್ನ್‌ಟೇಬಲ್, ಅಂದರೆ ಎಂಜಿನ್ನನ್ನು ಹೊತ್ತು ತಿರುಗುವ ಹಳಿಯ ತಟ್ಟೆ, ಬೇಕು. ಸಣ್ಣ ಎಂಜಿನ್ನಿಗೆ ಸಾಕಾಗುತ್ತಿದ್ದ 60 ಅಡಿಯ ಟರ್ನ್‌ಟೇಬಲ್ ಎಚ್‌ಓದಲ್ಲಿ 21 ಸೆಂ.ಮೀ. ಅಗಲದ ತಟ್ಟೆಯಾಗುತ್ತದೆ, ಅದರ ಸುತ್ತಲಿನ ಹಳಿಗಳಿಗೆ ಇನ್ನಷ್ಟು ಜಾಗ ಬೇಕು. ನೀರನ್ನೂ ಕಲ್ಲಿದ್ದಲನ್ನೂ ತನ್ನ ಮೈಮೇಲೆಯೇ ಹೊರುವ ಟ್ಯಾಂಕ್ ಎಂಜಿನ್ ಎರಡೂ ದಿಕ್ಕಿಗೆ ಸಲೀಸಾಗಿ ಓಡುವುದರಿಂದ ಅದಕ್ಕೆ ರೈಲಿನ ಪಕ್ಕದಲ್ಲಿ ಹಾದು ಮುಂದಿನ ತುದಿಗೆ ಬರಲು ಒಂದು ಬಳಸು ಸಾಲಿದ್ದರೆ ಸಾಕು. ಜಾಗ ಚಿಕ್ಕದಾದಷ್ಟೂ ಟ್ಯಾಂಕ್ ಎಂಜಿನ್ನಿನ ಬೆಲೆ ತಿಳಿಯುತ್ತದೆ. ಟರ್ನ್‌ಟೇಬಲನ್ನು ಕೈಯಿಂದ ತಿರುಗಿಸುವುದು ಮಕ್ಕಳಿಗೆ ಕೊಡುವ ಸಂತೋಷವೂ ಕಡಿಮೆಯೇನಲ್ಲ, ಜಾಗವಿದ್ದರೆ ಒಂದನ್ನು ಇಟ್ಟುಕೊಳ್ಳಿ.

ಒಂದು ಹಳಿಯ ಮೇಲೆ ಇನ್ನೊಂದು ಹಳಿ ಸೇತುವೆಯಾಗಿ ಹಾದುಹೋಗುವ ಆಸೆ ಎಲ್ಲರಿಗೂ ಇರುತ್ತದೆ. ಎಚ್‌ಓದಲ್ಲಿ ಸೇತುವೆಯ ದಪ್ಪವೂ ಸೇರಿ ಸುಮಾರು 80 ಮಿ.ಮೀ. ಏರಬೇಕು. ಚಿಕ್ಕ ಉಗಿ ಎಂಜಿನ್ ಆಯಾಸವಿಲ್ಲದೆ ಎಳೆಯುವ ಏರು ನೂರಕ್ಕೆ ಎರಡು. ಆ ಲೆಕ್ಕದಲ್ಲಿ ಏರಲು 4 ಮೀಟರ್, ಇಳಿಯಲು ಮತ್ತೆ 4 ಮೀಟರ್ ಬೇಕಾಗುತ್ತದೆ, ಆದರೆ 4ಕ್ಕೆ 8 ಅಡಿಯ ಮೇಜಿನ ಹೊರಸುತ್ತಿನ ಉದ್ದವೇ 6 ಮೀಟರ್ ಮುಟ್ಟುವುದಿಲ್ಲ. ಏರನ್ನು ನೂರಕ್ಕೆ ನಾಲ್ಕಕ್ಕೆ ಹೆಚ್ಚಿಸಿದರೆ ಜಾಗ ಹೊಂದುತ್ತದೆ, ಎಂಜಿನ್ ಮಾತ್ರ ಎರಡು ಮೂರು ಬೋಗಿಗಳಿಗೇ ಗಾಲಿ ಜಾರಿಸುತ್ತದೆ. ಮೊದಲ ರಚನೆಯಲ್ಲಿ ಹಳಿಯನ್ನು ಸಮತಟ್ಟಾಗಿಯೇ ಇಟ್ಟು, ನೆಲವನ್ನು ತಗ್ಗಿಸಿ ಹೊಳೆಯನ್ನೂ ಅದರ ಮೇಲೆ ಸೇತುವೆಯನ್ನೂ ಮಾಡುವುದು ಎಷ್ಟೋ ಮೇಲು.

ನಿಯಂತ್ರಣ

ಹಳೆಯ ವಿಧಾನದಲ್ಲಿ ಹಳಿಗೆ 12 ವೋಲ್ಟ್‌ವರೆಗಿನ ನೇರ ವಿದ್ಯುತ್ತನ್ನು ಹರಿಸುತ್ತಾರೆ. ವೋಲ್ಟೇಜ್ ಏರಿಸಿದರೆ ವೇಗ ಹೆಚ್ಚುತ್ತದೆ, ಧ್ರುವ ಬದಲಿಸಿದರೆ ದಿಕ್ಕು ಬದಲಾಗುತ್ತದೆ. ಸರಳವಾದದ್ದು, ಮಕ್ಕಳಿಗೆ ವಿವರಿಸುವುದೂ ಸುಲಭ. ಆದರೆ ಒಂದೇ ಹಳಿಯಲ್ಲಿ ಎರಡು ಎಂಜಿನ್ ಇಟ್ಟರೆ ಎರಡೂ ಒಟ್ಟಿಗೆ ಓಡುತ್ತವೆ. ಹಳಿಯನ್ನು ತುಂಡುತುಂಡಾಗಿ ಬೇರ್ಪಡಿಸಿ ಸ್ವಿಚ್ಚುಗಳನ್ನು ಇಡದ ಹೊರತು ಇದಕ್ಕೆ ಪರಿಹಾರವಿಲ್ಲ.

1990ರ ದಶಕದಲ್ಲಿ ಅಮೆರಿಕದ ರಾಷ್ಟ್ರೀಯ ಮಾದರಿ ರೈಲು ಸಂಘ ಮಾನಕವಾಗಿ ಒಪ್ಪಿಕೊಂಡ ಡಿಸಿಸಿ (ಡಿಜಿಟಲ್ ಕಮಾಂಡ್ ಕಂಟ್ರೋಲ್) ವಿಧಾನದಲ್ಲಿ ಹಳಿಯಲ್ಲಿ ಯಾವಾಗಲೂ ಪೂರ್ಣ ವೋಲ್ಟೇಜ್ ಇರುತ್ತದೆ, ಪ್ರತಿ ಎಂಜಿನ್ನಿನೊಳಗಿನ ಡಿಕೋಡರ್ ಎಂಬ ಪುಟ್ಟ ವಿದ್ಯುನ್ಮಾನ ಫಲಕ ತನ್ನ ಸಂಖ್ಯೆಗೆ ಬಂದ ಆದೇಶವನ್ನು ಮಾತ್ರ ಪಾಲಿಸುತ್ತದೆ. ಇಬ್ಬರು ಮಕ್ಕಳು ಎರಡು ಎಂಜಿನ್‌ಗಳನ್ನು ಒಂದೇ ಸಾಲಿನಲ್ಲಿ ಬೇರೆ ಬೇರೆಯಾಗಿ ಓಡಿಸಬಹುದು, ಮನೆಯ ಶಾಂತಿಯ ದೃಷ್ಟಿಯಿಂದಲೂ ಇದು ಸಣ್ಣ ಲಾಭವಲ್ಲ. ಉಗಿ ಎಂಜಿನ್ನಿಗೆ ಇದರಿಂದ ಸಿಗುವ ಮುಖ್ಯ ವರ ಶಬ್ದ. ಎರಡು ಸಿಲಿಂಡರಿನ ಎಂಜಿನ್ ದೊಡ್ಡ ಗಾಲಿಯ ಒಂದು ಸುತ್ತಿಗೆ ನಾಲ್ಕು ಬಾರಿ ಚುಕ್ ಎನ್ನುತ್ತದೆ. ಒಳ್ಳೆಯ ಡಿಕೋಡರಿನಲ್ಲಿ ಆ ನಾಲ್ಕು ಬಡಿತಗಳು ಗಾಲಿಯ ಸುತ್ತಿಗೆ ಹೊಂದಿಕೊಂಡೇ ಬರುತ್ತವೆ, ಏರಿನಲ್ಲಿ ಭಾರವಾಗುತ್ತವೆ, ಇಳಿಜಾರಿನಲ್ಲಿ ಮೆತ್ತಗಾಗುತ್ತವೆ. ಸ್ಪೀಕರಿಗೆ ಟೆಂಡರಿನಲ್ಲಿ ಸಾಕಷ್ಟು ಸ್ಥಳವಿರುತ್ತದೆ, ಪುಟ್ಟ ಟ್ಯಾಂಕ್ ಎಂಜಿನ್ನಿನಲ್ಲಿ ಇರುವುದಿಲ್ಲ. ಶಬ್ದವೇ ಮುಖ್ಯ ಎನ್ನುವವರು ಎಂಜಿನ್ ಆರಿಸುವಾಗ ಇದನ್ನು ತೂಗಿ ನೋಡಬೇಕು.

ಮೊದಲು ಹಳೆಯ ವಿಧಾನದಿಂದ ಆರಂಭಿಸಿ, ಎರಡನೆಯ ಎಂಜಿನ್ ಬಂದಾಗ ಡಿಸಿಸಿಗೆ ಹೋಗುವುದರಲ್ಲಿ ಯಾವ ನಷ್ಟವೂ ಇಲ್ಲ. ಅದಕ್ಕಾಗಿ ಮೊದಲ ಎಂಜಿನ್ ಕೊಳ್ಳುವಾಗಲೇ ಅದರಲ್ಲಿ ಡಿಕೋಡರಿನ ಸಾಕೆಟ್ ಇದೆಯೇ ಎಂದು ನೋಡಿಕೊಂಡರೆ ಸಾಕು. ಡಿಕೋಡರ್ ಇಲ್ಲದ ಎಂಜಿನ್ನನ್ನು ಡಿಸಿಸಿ ಹಳಿಯ ಮೇಲೆ ನಿಲ್ಲಿಸಿಡಬಾರದು, ಮೋಟಾರು ಬಿಸಿಯಾಗಿ ಕೆಡಬಹುದು. ಎಚ್‌ಓದಲ್ಲೇ ಮಾರ್ಕ್ಲಿನ್‌ನದು ಬೇರೆ ದಾರಿ. ಹಳಿಯ ಅಡಿಯ ಅಡ್ಡಪಟ್ಟಿಗಳಾದ ಸ್ಲೀಪರುಗಳ ಮಧ್ಯಭಾಗದಲ್ಲಿ ತಲೆಯೆತ್ತಿರುವ ಮೊಳೆಗಳ ಸಾಲು ಮೂರನೆಯ ಹಳಿಯ ಕೆಲಸ ಮಾಡುತ್ತದೆ. ರೈಲು ಸುತ್ತಿ ಬಂದು ಅದೇ ಹಳಿಗೆ ಎದುರು ದಿಕ್ಕಿನಲ್ಲಿ ಸೇರುವ ಕುಣಿಕೆಯಲ್ಲಿ ಎರಡು ಹಳಿಯ ವಿಧಾನಕ್ಕೆ ಆಗುವ ಶಾರ್ಟ್ ಸರ್ಕ್ಯೂಟ್ ಇಲ್ಲಿ ಆಗುವುದಿಲ್ಲ. ಆದರೆ ಅದರ ಗಾಡಿಗಳ ಗಾಲಿಗಳು ವಿದ್ಯುತ್ ದೃಷ್ಟಿಯಿಂದ ಪ್ರತ್ಯೇಕವಾಗಿಲ್ಲದಿರುವುದರಿಂದ ಬೇರೆ ಎಚ್‌ಓ ಹಳಿಯಲ್ಲಿ ಓಡಿಸಲಾಗದು. ಇದು ಅಳತೆಯಷ್ಟೇ ದೂರದ ತೀರ್ಮಾನ ಎಂದು ತಿಳಿದು ಆರಿಸಬೇಕು.

ನಿಜವಾಗಿ ನೀರು ಕುದಿಸಿ ಓಡುವ ಎಂಜಿನ್‌ಗಳೂ ದೊಡ್ಡ ಅಳತೆಗಳಲ್ಲಿ ಸಿಗುತ್ತವೆ. ಅವುಗಳಿಗೆ ಗ್ಯಾಸ್ ಅಥವಾ ಸ್ಪಿರಿಟ್ಟಿನ ಬೆಂಕಿ, ಒತ್ತಡದ ಬಾಯ್ಲರು ಇರುವುದರಿಂದ ಹೊರಾಂಗಣದಲ್ಲಿ, ಹಿರಿಯರ ಕೈಯಲ್ಲಿ ಮಾತ್ರ ಇರಬೇಕು.

ಹಳಿ, ಕೊಂಡಿ ಮತ್ತು ಕೊನೆಯದಾಗಿ ಎಂಜಿನ್

ಜಲ್ಲಿಯ ದಿಂಡಿನೊಂದಿಗೇ ಬರುವ ಸಿದ್ಧ ಹಳಿತುಂಡುಗಳನ್ನು ಮಕ್ಕಳೇ ಜೋಡಿಸಿ ಬಿಚ್ಚಬಹುದು, ಆದರೆ ಒಂದು ತಯಾರಕರ ತುಂಡು ಇನ್ನೊಬ್ಬರದಕ್ಕೆ ಸೇರುವುದಿಲ್ಲ. ಬಾಗಿಸಬಹುದಾದ ಉದ್ದ ಹಳಿಯಲ್ಲಿ ಕೀಲುಗಳು ಕಡಿಮೆ, ತಿರುವು ನಯವಾಗಿ ಬರುತ್ತದೆ. ಅದನ್ನು ಕತ್ತರಿಸಿ ಮೊಳೆ ಹೊಡೆಯಲು ಅಭ್ಯಾಸ ಬೇಕು. ನಕ್ಷೆ ಇನ್ನೂ ಬದಲಾಗುತ್ತಿರುವ ಮೊದಲ ವರ್ಷಕ್ಕೆ ಸಿದ್ಧ ತುಂಡುಗಳು, ನಕ್ಷೆ ನೆಲೆನಿಂತ ಮೇಲೆ ಉದ್ದ ಹಳಿ. ಕೊಂಡಿಗಳ ವಿಷಯದಲ್ಲಿ ಎಲ್ಲ ಗಾಡಿಗಳಿಗೂ ಒಂದೇ ಬಗೆ, ಒಂದೇ ಎತ್ತರ ಇರಲಿ.

ಎಂಜಿನ್ ಆರಿಸುವ ಹೊತ್ತಿಗೆ ತಿರುವಿನ ತ್ರಿಜ್ಯ ಎಷ್ಟೆಂದು ನಿಮಗೆ ಗೊತ್ತಿರುತ್ತದೆ; ತಯಾರಕರು ಹೇಳುವ ಕನಿಷ್ಠ ತ್ರಿಜ್ಯಕ್ಕಿಂತ ನಿಮ್ಮದು ಒಂದಿಷ್ಟು ಹೆಚ್ಚಾಗಿರುವಂತೆ ನೋಡಿಕೊಳ್ಳಿ. ಎಷ್ಟು ಗಾಲಿಗಳು ಹಳಿಯಿಂದ ವಿದ್ಯುತ್ ಪಡೆಯುತ್ತವೆ ಎಂದು ಕೇಳಿ. ನಾಲ್ಕೇ ಗಾಲಿಗಳ ಚೆಲುವಾದ ಪುಟ್ಟ ಎಂಜಿನ್ ಪಾಯಿಂಟಿನ ಪ್ಲಾಸ್ಟಿಕ್ ಭಾಗದ ಮೇಲೆ ಬಂದು ನಿಂತುಬಿಡುತ್ತದೆ, ಟೆಂಡರಿನ ಗಾಲಿಗಳಿಂದಲೂ ವಿದ್ಯುತ್ ಪಡೆಯುವ 0-6-0 ನಿಲ್ಲದೆ ದಾಟುತ್ತದೆ. ಸಾಧ್ಯವಾದರೆ ಕೊಳ್ಳುವ ಮೊದಲು ಅತಿ ನಿಧಾನವಾಗಿ ಓಡಿಸಿ ನೋಡಿ. ವೇಗವಾಗಿ ಎಲ್ಲ ಎಂಜಿನ್‌ಗಳೂ ಓಡುತ್ತವೆ. ಸಲಾಕೆ ಮೇಲೇರಿ ಕೆಳಗಿಳಿಯುವುದನ್ನು ಮಗು ಎಣಿಸಬಹುದಾದಷ್ಟು ನಿಧಾನವಾಗಿ, ಎಲ್ಲೂ ತಡವರಿಸದೆ ನೀರಿನ ತೊಟ್ಟಿಯ ಕೆಳಗೆ ಬಂದು ನಿಲ್ಲಬಲ್ಲ ಎಂಜಿನ್ನನ್ನು ಮನೆಗೆ ತನ್ನಿ.